ಅಟ್ಟದ ಮೇಲಿನ ಬ್ಯಾಟು

(ಆಕಾಶವಾಣಿ ಭಾಷಣ)



ಕಠೋಪನಿಷತ್ತಿನ ಮೊದಲಲ್ಲಿಯೇ ದಾನದ ಒಂದು ಪ್ರಸಂಗವಿದೆ. ವಾಜಶ್ರವಸನೆಂಬ ಗೃಹಸ್ಥನು ಯಾಗಮಾಡಿ, ತನ್ನಲ್ಲಿದ್ದುದನ್ನೆಲ್ಲ ದಾನ ಕೊಡಲು ತೊಡಗುತ್ತಾನೆ. ದಕ್ಷಿಣೆಗೆಂದು ಸಾಲಾಗಿ ಹೊರಟ ಹಸುಗಳನ್ನು ಅವನ ಮಗ ನಚಿಕೇತನು ನೋಡುತ್ತ ನಿಲ್ಲುತ್ತಾನೆ. ಅವು ಕುಡಿಯುವ ನೀರನ್ನು ಕುಡಿದು ಮುಗಿಸಿದ, ಮೇಯುವ ಹುಲ್ಲನ್ನು ಮೇಯ್ದು ಮುಗಿಸಿದ, ಕೊಡುವ ಹಾಲನ್ನು ಕೊಟ್ಟು ಮುಗಿಸಿದ ಮುದಿ ಹಸುಗಳು. ಇಂಥವನ್ನು ಕೊಟ್ಟವನಿಗೆ ದೊರೆಯುವ ಲೋಕ ಎಂಥದು ಎಂಬ ಯೋಚನೆ ಆ ಹುಡುಗನ ಮನಸ್ಸನ್ನು ಹೊಕ್ಕು, ಅವನು ತಂದೆಯನ್ನು ‘ನನ್ನನ್ನು ಯಾರಿಗೆ ಕೊಡುವಿರಿ?’ ಎಂದು ಕೇಳುತ್ತಾನೆ. ಒಮ್ಮೆಯಲ್ಲ, ಮೂರು ಸಲ. ಅಲ್ಲಿಂದ ಮುಂದೆ ಕಥೆ ಯಮನ ಮನೆಯ ಬಾಗಿಲಿಗೆ ಹೋಗುತ್ತದೆ. ಮೃತ್ಯುವಿನ ರಹಸ್ಯ, ಆತ್ಮದ ಸ್ವರೂಪ ಮೊದಲಾದ ದೊಡ್ಡ ವಿಷಯಗಳು ಬರುತ್ತವೆ. ನಾವು ಸಾಮಾನ್ಯವಾಗಿ ಆ ದೊಡ್ಡ ವಿಷಯಗಳ ಕಡೆಗೆ ಆತುರದಿಂದ ನಡೆದುಬಿಡುತ್ತೇವೆ. ಆದರೆ ಅಷ್ಟಕ್ಕೂ ಮೂಲವಾದದ್ದು, ತನಗೆ ಬೇಡವಾದುದನ್ನು ಕೊಟ್ಟು ಪುಣ್ಯವನ್ನು ಪಡೆಯಬಯಸಿದ ಹಿರಿಯನೊಬ್ಬನನ್ನು ಕಂಡು ಮಗನಿಗೆ ಆದ ಸಂಕಟ. ನಾನು ಇಂದು ಮಾತನಾಡಬೇಕೆಂದಿರುವುದು ಆ ಹಸುಗಳ ಬಗೆಗೆ. ಅಂದರೆ ನಮ್ಮ ಕಾಲದ ಹಸುಗಳ ಬಗೆಗೆ.

ದಾವಣಗೆರೆ, ಶಿವಮೊಗ್ಗಗಳಂಥ ಊರುಗಳಲ್ಲಿ ಅನುಕೂಲಸ್ಥರ ಮನೆಯ ಅಟ್ಟವನ್ನೊಮ್ಮೆ ಹತ್ತಿ ನೋಡಿ. ಬೇಸಿಗೆಯ ಶಿಬಿರಕ್ಕೆಂದು ಕೊಂಡ ಕ್ರಿಕೆಟ್ ಬ್ಯಾಟು, ಎರಡು ತಿಂಗಳು ಕಟ್ಟಿದ ಪ್ಯಾಡು, ತಂತಿ ಸಡಿಲಗೊಂಡ ಷಟ್ಲ್ ರ‍್ಯಾಕೆಟ್ಟು, ಗಾಳಿ ಇಳಿದು ಒಣಗಿದ ಹಲಸಿನ ತೊಳೆಯಂತಾದ ಫುಟ್‌ಬಾಲು, ಕಾಲು ಬೆಳೆದುದರಿಂದ ಬಿಗಿಯಾದ ಬೂಟು. ಮಗ ಈಗ ಎಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋಗಿದ್ದಾನೆ, ಮಗಳು ಮದುವೆಯಾಗಿ ದೂರದ ಊರಿನಲ್ಲಿದ್ದಾಳೆ. ಎಸೆಯಲು ಮನಸ್ಸು ಬಾರದು, ಇಟ್ಟುಕೊಂಡು ಪ್ರಯೋಜನವಿಲ್ಲ. ಅಲ್ಲಿಂದ ಇಪ್ಪತ್ತು ಮೂವತ್ತು ಮೈಲಿಯೊಳಗೆ, ಹೊನ್ನಾಳಿ ತಾಲ್ಲೂಕಿನ ನಮ್ಮ ಸಾಸ್ವೆಹಳ್ಳಿ ಹೋಬಳಿಯ ಹಳ್ಳಿಗಳಲ್ಲಿ, ಬತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಹುಡುಗರು ತೆಂಗಿನ ಮಟ್ಟೆಯನ್ನು ಬ್ಯಾಟಾಗಿ ಕೆತ್ತಿಕೊಂಡು ಆಡುತ್ತಿರುತ್ತಾರೆ. ನಾಲೆಯ ನೀರು ಕಂಡ ನಮ್ಮ ಕಡೆಯಲ್ಲಿಯೇ ಹೀಗೆ. ಅದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಮಳೆಯನ್ನೇ ನಂಬಿ ಬದುಕುವ ಜಗಳೂರು ಸೀಮೆಯ ಮಕ್ಕಳ ಪಾಡನ್ನು ಬೇರೆ ಹೇಳಬೇಕಾಗಿಲ್ಲ. ಅಟ್ಟದ ಮೇಲಿರುವುದನ್ನು ಗದ್ದೆಗೆ ಮುಟ್ಟಿಸಿದರೆ ಆಯಿತಲ್ಲ ಎಂದು ಯಾರಿಗಾದರೂ ತೋರುತ್ತದೆ. ಈಚೆಗೆ ಹಲವು ಮಂದಿಗೆ ಹಾಗೆ ತೋರಿಯೂ ಇದೆ. ಒಳ್ಳೆಯ ಬುದ್ಧಿಯೇ ಸರಿ. ಆದರೆ ಮುಟ್ಟಿಸುವುದು ನಾವು ತಿಳಿದುಕೊಂಡಷ್ಟು ಸುಲಭವಾದ ಕೆಲಸವಲ್ಲ.

‘ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು’ ಎಂಬ ಗಾದೆ ನಮ್ಮಲ್ಲಿದೆ. ಈ ಗಾದೆ ಪಡೆಯುವವನಿಗೆ ಹೇಳಿದ ಬುದ್ಧಿ. ಕೊಡುವವನೂ ಎಣಿಸಬಾರದೆಂದು ಯಾವ ಗಾದೆಯೂ ಹೇಳಿದಂತೆ ಕಾಣೆ. ಎಮ್ಮೆಯನ್ನು ಕೊಟ್ಟಿಗೆಯಿಂದ ಬಿಚ್ಚುವ ಮೊದಲು ಅದರ ಹಲ್ಲನ್ನು ಎಣಿಸಬೇಕಾದವನು ಕೊಡುವವನೇ.

ನಮ್ಮ ಹೋಬಳಿಯ ಒಂದು ಶಾಲೆಗೆ ದೂರದ ನಗರದಿಂದ ಹೀಗೆ ಒಂದು ದೊಡ್ಡ ಪೆಟ್ಟಿಗೆ ಬಂದಿತ್ತು. ತಂದವರಿಗೆ ಹಾರ ಹಾಕಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದದ್ದೂ ಆಯಿತು. ಅವರು ಹೋದ ಮೇಲೆ ಪೆಟ್ಟಿಗೆಯನ್ನು ಬಿಚ್ಚುವಾಗ ನಾನೂ ಅಲ್ಲಿದ್ದೆ. ಅದರಲ್ಲಿದ್ದ ಕೈಗವಸುಗಳಲ್ಲಿ ಎಡಗೈಯವೇ ಹೆಚ್ಚು. ಜೊತೆ ಕೂಡಿದ್ದು ಒಂದೇ ಒಂದು. ನಾಲ್ಕು ರ‍್ಯಾಕೆಟ್ಟುಗಳಲ್ಲಿ ಮೂರರ ತಂತಿ ಕಿತ್ತುಹೋಗಿತ್ತು. ಪ್ಯಾಡುಗಳು ಚೆನ್ನಾಗಿದ್ದುವು, ಆದರೆ ಆರಡಿಯ ಆಳಿಗೆ ಮಾಡಿದಂಥವು. ಐದನೆಯ ತರಗತಿಯ ಹುಡುಗನೊಬ್ಬ ಒಂದನ್ನು ಕಟ್ಟಿಕೊಂಡು ನೋಡಿದ. ಅದು ಅವನ ತೊಡೆಯನ್ನು ದಾಟಿ ಸೊಂಟಕ್ಕೆ ಬಂದಿತ್ತು. ‘ಸಾರ್, ಇದನ್ನ ಕಟ್ಟಿಕೆಂಡ್ರೆ ಓಡಾಕಾಗಲ್ಲ’ ಎಂದು ಬಿಚ್ಚಿ, ಮಡಿಸಿ, ಬಹಳ ಜೋಪಾನವಾಗಿ ಪೆಟ್ಟಿಗೆಯಲ್ಲಿಯೇ ಇಟ್ಟ. ಆ ಜೋಪಾನವನ್ನು ನಾನು ಮರೆಯಲಾರೆ. ಪೆಟ್ಟಿಗೆ ಬೀರುವಿನ ಮೇಲಕ್ಕೆ ಏರಿತು. ಪಟ್ಟಣದ ಅಟ್ಟದಿಂದ ಇಳಿದದ್ದು ಹಳ್ಳಿಯ ಬೀರುವಿನ ತಲೆಯ ಮೇಲೆ ಕೂತಿತು, ಅಷ್ಟೆ. ಹುಡುಗರು ಮಟ್ಟೆಯ ಬ್ಯಾಟನ್ನು ಹಿಡಿದು ಗದ್ದೆಗೆ ಹೋದರು.

ಕರ್ಣನು ತನ್ನ ಕವಚವನ್ನು ಮೈಯಿಂದ ಸುಲಿದು ಇಂದ್ರನಿಗೆ ಕೊಟ್ಟನಲ್ಲ, ಅದು ಇಂದ್ರನ ಮೈಗೆ ಸರಿಹೊಂದಿತೇ ಎಂದು ನಮ್ಮ ಕವಿಗಳಲ್ಲಿ ಯಾರೂ ವಿಚಾರಿಸಿದಂತಿಲ್ಲ. ಇಂದ್ರನಿಗೆ ಬೇಕಾದದ್ದು ಕರ್ಣನಲ್ಲಿ ಅದು ಇಲ್ಲದಿರುವುದೇ ಹೊರತು ತಾನು ತೊಡುವುದಲ್ಲ. ಮಕ್ಕಳಿಗೆ ಬೇಕಾದದ್ದು ತೊಡುವುದಕ್ಕೆ. ಆದ್ದರಿಂದ ಅಳತೆಯ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸಾಹಿತ್ಯದ ಮೇಷ್ಟರಿಗೆ ಇದೇಕೆ ಎಂದು ನೀವು ನಕ್ಕರೂ ಚಿಂತೆಯಿಲ್ಲ.

ಕ್ರಿಕೆಟ್ಟಿನ ನಿಯಮದಂತೆ ದೊಡ್ಡವರ ಬ್ಯಾಟಿನ ಉದ್ದ 38 ಅಂಗುಲವನ್ನು ಮೀರಬಾರದು. ಮಕ್ಕಳಿಗೆಂದು ಒಂದರಿಂದ ಆರರವರೆಗೆ ಅಂಕಿ ಹಾಕಿದ ಸಣ್ಣ ಬ್ಯಾಟುಗಳಿವೆ. ಮಗುವಿನ ಪಕ್ಕದಲ್ಲಿ ನೆಲಕ್ಕೆ ಊರಿ ನಿಲ್ಲಿಸಿದಾಗ ಹಿಡಿಕೆಯ ತುದಿ ತೊಡೆಯ ಮೇಲ್ಭಾಗಕ್ಕೆ ಬಂದರೆ ಸರಿಯಾದ ಅಳತೆ. ತನಗಿಂತ ಭಾರವಾದುದನ್ನು ಎತ್ತಿ ಬೀಸಲು ಹೋದ ಮಗು ಚೆಂಡನ್ನು ನೇರವಾಗಿ ಹೊಡೆಯುವುದನ್ನು ಎಂದಿಗೂ ಕಲಿಯದು. ಅಡ್ಡ ಬೀಸುವುದನ್ನೇ ಕಲಿಯುತ್ತದೆ, ತೋಳನ್ನೂ ನೋಯಿಸಿಕೊಳ್ಳುತ್ತದೆ. ಚೆಂಡಿನಲ್ಲಿಯೂ ಹೀಗೆಯೇ. ಗಂಡಸರ ಆಟದ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ. ಹದಿಮೂರರೊಳಗಿನ ಮಕ್ಕಳ ಚೆಂಡು 133ರಿಂದ 144 ಗ್ರಾಂ. ದೊಡ್ಡವರ ಫುಟ್‌ಬಾಲು 410ರಿಂದ 450 ಗ್ರಾಂ ತೂಕದ, 68ರಿಂದ 70 ಸೆಂಟಿಮೀಟರ್ ಸುತ್ತಳತೆಯ ಐದನೆಯ ಅಂಕಿಯದು. ಎಂಟು ಹತ್ತು ವರ್ಷದವರಿಗೆ ಅದಕ್ಕಿಂತ ಸಣ್ಣದಾದ ನಾಲ್ಕನೆಯ ಅಂಕಿಯದು ಬೇಕು. ಈ ಸಣ್ಣ ಅಂತರಗಳು ದೊಡ್ಡವರ ಕಣ್ಣಿಗೆ ಕಾಣುವುದಿಲ್ಲ, ಮಗುವಿನ ಮಣಿಕಟ್ಟಿಗೆ ತಿಳಿಯುತ್ತವೆ.

ಇನ್ನು ಕೆಲವನ್ನು ಯಾವ ಕಾರಣಕ್ಕೂ ಕೊಡಬಾರದು. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಪದರ ಹೊರಗೆ ಗುರುತು ಕಾಣದಿದ್ದರೂ ತನ್ನ ಶಕ್ತಿಯನ್ನು ಕಳೆದುಕೊಂಡಿರಬಹುದು. ಅದನ್ನು ಹಳ್ಳಿಯ ಹುಡುಗನ ತಲೆಗಿಟ್ಟು, ಇನ್ನು ಭಯವಿಲ್ಲ ಹೋಗು ಎಂದರೆ ಅದು ದಾನವಾಗದು. ಹಾಗೆಯೇ ಪ್ಯಾಡು, ಗ್ಲೌಸುಗಳಿಲ್ಲದೆ ಬರಿಯ ಚರ್ಮದ ಚೆಂಡನ್ನೂ ಬ್ಯಾಟನ್ನೂ ಕೊಡುವುದು. ಟೆನ್ನಿಸ್ ಚೆಂಡಿನಲ್ಲಿ ನಿರ್ಭಯವಾಗಿ ಆಡುತ್ತಿದ್ದ ಮಕ್ಕಳ ಕೈಗೆ ನಾವು ಕಲ್ಲನ್ನು ಕೊಟ್ಟಂತಾಗುತ್ತದೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಪಟ್ಟಣದಲ್ಲಿ ಉಳಿಯುವುದು ಬ್ಯಾಟು. ಹಳ್ಳಿಯಲ್ಲಿ ಇಲ್ಲವಾಗುವುದು ಚೆಂಡು. ಬ್ಯಾಟು, ರ‍್ಯಾಕೆಟ್ಟು, ಪ್ಯಾಡುಗಳು ಬಾಳುವ ವಸ್ತುಗಳಾದ್ದರಿಂದ ಅಟ್ಟವನ್ನು ಸೇರುತ್ತವೆ. ಚೆಂಡು ಹರಿಯುತ್ತದೆ, ಷಟ್ಲ್ ಕಾಕಿನ ಗರಿ ಉದುರುತ್ತದೆ, ತಂತಿ ಕಿತ್ತುಹೋಗುತ್ತದೆ, ಬಲೆ ಬಿಸಿಲಿಗೆ ಸೀಯುತ್ತದೆ. ಬ್ಯಾಟು ಮುರಿದರೆ ಹುಡುಗರು ಇನ್ನೊಂದು ಮಟ್ಟೆಯನ್ನು ಕೆತ್ತಿಕೊಳ್ಳುತ್ತಾರೆ. ಚೆಂಡು ಕೆರೆಗೆ ಬಿದ್ದರೆ ಅಂದಿನ ಆಟ ಅಲ್ಲಿಗೆ ಮುಗಿಯಿತು. ಫುಟ್‌ಬಾಲು, ವಾಲಿಬಾಲುಗಳ ಕಥೆ ಇನ್ನೂ ವಿಚಿತ್ರ. ಚೆಂಡು ಚೆನ್ನಾಗಿಯೇ ಇರುತ್ತದೆ, ಗಾಳಿ ತುಂಬುವ ಪಂಪೂ ಇರುತ್ತದೆ, ಪಂಪಿನ ತುದಿಗೆ ಹಾಕುವ ಸೂಜಿ ಕಳೆದುಹೋಗಿರುತ್ತದೆ. ಹತ್ತಿಪ್ಪತ್ತು ರೂಪಾಯಿಯ ಆ ಸೂಜಿಯಿಲ್ಲದೆ ಒಂದು ಶಾಲೆಯ ಮಕ್ಕಳು ಒಂದು ವರ್ಷ ಆಟವಾಡದೆ ಕಳೆದಾರು. ಪೇಟೆಗೆ ಹೋದಾಗ ತಂದರಾಯಿತೆಂದು ಮೇಷ್ಟರು ಅಂದುಕೊಳ್ಳುತ್ತಾರೆ. ಪೇಟೆಗೆ ಹೋದಾಗ ನೆನಪಿಗೆ ಬರುವುದು ಬೇರೆ ಬೇರೆ ವಸ್ತುಗಳು.

ಸರಕಾರ ಏನೂ ಕೊಡುವುದಿಲ್ಲವೆಂದು ತಿಳಿಯಬಾರದು. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಆಟದ ಸಾಮಾನಿಗೆಂದು ವರ್ಷಕ್ಕೆ ಪ್ರಾಥಮಿಕ ಶಾಲೆಗೆ 5,000 ರೂಪಾಯಿ, ಹಿರಿಯ ಪ್ರಾಥಮಿಕ ಶಾಲೆಗೆ 10,000 ರೂಪಾಯಿ, ಪ್ರೌಢಶಾಲೆಗೆ 25,000 ರೂಪಾಯಿಯವರೆಗೆ ಅನುದಾನವನ್ನು ಗೊತ್ತುಮಾಡಿದರು. ಮೊತ್ತ ಚಿಕ್ಕದೆಂದು ಮೂಗು ಮುರಿಯುವುದು ಸುಲಭ. ಆದರೆ ಅಷ್ಟರಲ್ಲಿಯೇ ಎರಡು ವಾಲಿಬಾಲು, ಒಂದು ಬಲೆ, ಕೆಲವು ಸ್ಕಿಪ್ಪಿಂಗ್ ಹಗ್ಗ, ರಿಂಗುಗಳು ಬರುತ್ತವೆ. ದಾನಿಗಳು ಈ ಅನುದಾನದ ಜೊತೆಗೆ ತಮ್ಮ ಕೊಡುಗೆಯನ್ನು ಹೊಂದಿಸಿಕೊಳ್ಳಬೇಕು. ಶಾಲೆಯಲ್ಲಿ ಏನಿದೆ, ಏನಿಲ್ಲ, ಏನು ಮುರಿದಿದೆ ಎಂದು ಮೊದಲೇ ಒಂದು ಮಾತು ಕೇಳಿದರೆ ಸಾಕು. ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ಹನ್ನೆರಡು ಮಂದಿ ಕೂಡಿ ಆಡುವ ಹೊಸ ವಾಲಿಬಾಲೊಂದು, ಒಬ್ಬನೇ ಹಿಡಿಯುವ ಹಳೆಯ ಬ್ಯಾಟು ಮೂರಕ್ಕಿಂತ ಮೇಲು. ನಮ್ಮ ಹಳ್ಳಿಗಳಲ್ಲಿ ಸಂಜೆ ಹೊತ್ತು ದುಡಿದು ಬಂದ ತರುಣರು ಆಡುವ ಆಟವೂ ಅದೇ; ಹುಡುಗರಿಗೆ ಕಲಿಸುವವರು ಅಲ್ಲಿಯೇ ಸಿಕ್ಕುತ್ತಾರೆ.

ಹಾಗಾದರೆ ಹಳೆಯದನ್ನು ಕೊಡುವುದೇ ಬೇಡವೆ ಎಂದು ಕೇಳಬಹುದು. ಹಾಗಲ್ಲ. ಹಾಕಿ ಆಟದಲ್ಲಿ ಭಾರತದ ನಾಯಕನಾದ ಧನರಾಜ್ ಪಿಳ್ಳೆ, ಪುಣೆಯ ಬಳಿಯ ಖಡ್ಕಿಯಲ್ಲಿ, ಮದ್ದುಗುಂಡಿನ ಕಾರ್ಖಾನೆಯ ನೌಕರರ ವಸತಿಯಲ್ಲಿ ಬೆಳೆದವರು. ಅವರ ತಂದೆ ಅಲ್ಲಿ ಮೈದಾನವನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಮುರಿದ ಕೋಲು, ಬಿಸುಟ ಚೆಂಡುಗಳಿಂದಲೇ ಆ ಮಕ್ಕಳು ಆಟವನ್ನು ಕಲಿತರು. ಅವರು ಮುಂದೆ ನಾಲ್ಕು ಒಲಿಂಪಿಕ್ಸುಗಳಲ್ಲಿ ಆಡಿದರು. ನಮ್ಮ ದಾವಣಗೆರೆಯ ವಿನಯ್ ಕುಮಾರ್ ಆಟೋ ಚಾಲಕರ ಮಗ. 2012ರಲ್ಲಿ ಪರ್ತಿನಲ್ಲಿ ಭಾರತದ ಪರವಾಗಿ ಟೆಸ್ಟ್ ಆಡಿದರು. 2013-14, 2014-15ರಲ್ಲಿ ಅವರ ನಾಯಕತ್ವದಲ್ಲಿ ಕರ್ನಾಟಕ ಎರಡು ವರ್ಷ ಎಡೆಬಿಡದೆ ರಣಜಿ ಟ್ರೋಫಿಯನ್ನು ಗೆದ್ದಿತು. ಅವರು ವೇಗದ ಬೌಲರ್ ಎಂಬುದನ್ನು ಗಮನಿಸಿ. ಬಡವರ ಮನೆಯ ಹುಡುಗನಿಗೆ ಬೌಲಿಂಗಿನ ಬಾಗಿಲು ಬ್ಯಾಟಿಂಗಿನದಕ್ಕಿಂತ ಸ್ವಲ್ಪ ಹೆಚ್ಚು ತೆರೆದಿರುತ್ತದೆಂದು ನನಗೆ ತೋರುತ್ತದೆ. ಅದಕ್ಕೆ ಒಂದು ಚೆಂಡು, ಒಂದು ಜೊತೆ ಬೂಟು ಸಾಕು. ಬ್ಯಾಟು ಹಿಡಿಯಬೇಕಾದವನು ತಲೆಯಿಂದ ಕಾಲಿನವರೆಗೆ ಸಾಮಾನನ್ನು ಹೊಂದಿಸಬೇಕು. ಎಷ್ಟು ಮಂದಿ ಬ್ಯಾಟುಗಾರರು ಹೀಗೆ ಬಾಗಿಲಲ್ಲಿಯೇ ನಿಂತುಹೋದರೋ ಲೆಕ್ಕವಿಟ್ಟವರಿಲ್ಲ. ಹಳೆಯ ಬ್ಯಾಟು, ಪ್ಯಾಡು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಅಳತೆ ನೋಡಿ, ಜೊತೆ ಕೂಡಿಸಿ, ಆಡುವವನಿದ್ದಾನೆಂದು ತಿಳಿದು ಕೊಟ್ಟಾಗ.

ಬೂಟಿನ ಮಾತು ಬಂದಿತು. ‘ನಮ್ಮ ಕಾಲದಲ್ಲಿ ಬೂಟೆಲ್ಲಿತ್ತು? ಬರಿಗಾಲಲ್ಲಿ ಆಡಲಿಲ್ಲವೆ?’ ಎನ್ನುವ ಹಿರಿಯರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಅವರ ಬೆನ್ನಿಗೆ ಚರಿತ್ರೆಯೂ ಸ್ವಲ್ಪ ಇದೆ. 1911ರ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ತಂಡ ಬ್ರಿಟಿಷ್ ಸೈನಿಕರ ತಂಡವನ್ನು 2-1ರಿಂದ ಸೋಲಿಸಿ ಷೀಲ್ಡನ್ನು ಗೆದ್ದಾಗ, ಹನ್ನೊಂದರಲ್ಲಿ ಹತ್ತು ಮಂದಿ ಬರಿಗಾಲಿನವರು. ದೇಶವೇ ಎದ್ದು ಕುಣಿಯಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿಯೂ ನಮ್ಮವರಲ್ಲಿ ಬಹುಮಂದಿ ಬರಿಗಾಲಲ್ಲಿಯೇ ಫ್ರಾನ್ಸನ್ನು ಎದುರಿಸಿ, 2-1ರಿಂದ ಮಾತ್ರ ಸೋತು ಜನರ ಮೆಚ್ಚುಗೆಯನ್ನು ಪಡೆದರು. ಬರಿಗಾಲಿನ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನ ಪುಟವೂ ಇದೆ. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ನಮ್ಮ ತಂಡ ಯುಗೋಸ್ಲಾವಿಯಕ್ಕೆ 10-1ರಿಂದ ಸೋತಿತು. ಆ ಬಳಿಕ ಭಾರತದ ಫುಟ್‌ಬಾಲ್ ಫೆಡರೇಷನ್ ಬೂಟನ್ನು ಕಡ್ಡಾಯ ಮಾಡಿತು. ಬರಿಗಾಲು ಆಡಿದವರ ಹೆಮ್ಮೆಯಾಗಿರಬಹುದು. ಕೊಡದಿರುವವರಿಗೆ ಅದು ನೆಪವಾಗಬಾರದು. ಜಾಲಿಮುಳ್ಳಿನ ಬಯಲಲ್ಲಿ ಓಡುವ ಹುಡುಗಿಯ ಪಾದಕ್ಕೆ 1911ರ ಕೀರ್ತಿಯಿಂದ ಏನೂ ಆಗಬೇಕಾಗಿಲ್ಲ. ಸರಕಾರಿ ಶಾಲೆಯ ಮಕ್ಕಳಿಗೆ ಕೆಲವು ವರ್ಷಗಳಿಂದ ಕಪ್ಪು ಬೂಟು, ಕಾಲುಚೀಲಗಳು ಸಿಕ್ಕುತ್ತಿವೆ ನಿಜ. ಅವು ಪ್ರಾರ್ಥನೆಗೆ ನಿಲ್ಲುವ ಬೂಟುಗಳು. ಓಡಿದರೆ ಹರಿದಾವೆಂದು ತಾಯಂದಿರು ಆಟದ ಹೊತ್ತಿಗೆ ಬಿಚ್ಚಿಸುತ್ತಾರೆ.

ಹುಡುಗಿ ಎಂದೆ. ದಾನದ ಪೆಟ್ಟಿಗೆಗಳನ್ನು ತೆರೆದಾಗ ನನಗೆ ಎದ್ದು ಕಾಣುವ ಕೊರತೆ ಇದೇ. ಬರುವುದೆಲ್ಲ ಗಂಡುಮಕ್ಕಳು ಆಡಿ ಬಿಟ್ಟ ಕ್ರಿಕೆಟ್ಟಿನ ಸಾಮಾನು. ಪಟ್ಟಣದ ಮನೆಯಲ್ಲಿ ಹೆಣ್ಣುಮಗಳಿಗೆ ಆಟದ ಸಾಮಾನನ್ನು ಕೊಂಡುಕೊಟ್ಟಿದ್ದರಲ್ಲವೆ ಅಟ್ಟದ ಮೇಲೆ ಇರುವುದು? ನಮ್ಮ ಶಾಲೆಗಳ ಹುಡುಗಿಯರು ಖೊ-ಖೊ, ಕಬಡ್ಡಿ, ಥ್ರೋಬಾಲ್ ಆಡುತ್ತಾರೆ. ಅವರಿಗೆ ಬೇಕಾದದ್ದು ಎರಡು ಕಂಬ, ಒಂದು ಚೆಂಡು, ಮೈ ಮುಚ್ಚುವ ಸಡಿಲವಾದ ಆಟದ ಉಡುಪು, ಕಾಲಿಗೆ ಹೊಂದುವ ಬೂಟು. ಹೈಸ್ಕೂಲಿಗೆ ಬರುವ ಹೊತ್ತಿಗೆ ಉಡುಪಿಲ್ಲವೆಂಬ ಸಂಕೋಚದಿಂದಲೇ ಮೈದಾನವನ್ನು ಬಿಟ್ಟ ಹುಡುಗಿಯರನ್ನು ದೈಹಿಕ ಶಿಕ್ಷಕರೆಲ್ಲರೂ ಬಲ್ಲರು.

ಈಗ ನಚಿಕೇತನ ಪ್ರಶ್ನೆಯ ಇನ್ನೊಂದು ಭಾಗಕ್ಕೆ ಬರುತ್ತೇನೆ: ಯಾರಿಗೆ ಕೊಡುವುದು? ಬಡ ಮಗುವೊಂದನ್ನು ಆರಿಸಿ, ವೇದಿಕೆಗೆ ಕರೆದು, ಕೈಗೆ ಬ್ಯಾಟನ್ನಿತ್ತು ಚಪ್ಪಾಳೆ ತಟ್ಟುವ ಕ್ರಮ ನನಗೆ ರುಚಿಸದು. ಆ ಮಗು ನಾಳೆ ಅದೇ ಬ್ಯಾಟನ್ನು ಹಿಡಿದು ಅದೇ ಗೆಳೆಯರ ನಡುವೆ ಆಡಬೇಕು. ಔಟಾದ ಕೂಡಲೆ ಅವರು ಏನೆನ್ನುತ್ತಾರೆಂದು ಹುಡುಗರಾಗಿದ್ದವರಿಗೆಲ್ಲ ಗೊತ್ತು. ಶರಣರು ದಾನ ಎಂಬ ಶಬ್ದವನ್ನು ಹಿಂದಕ್ಕಿಟ್ಟು ದಾಸೋಹವೆಂಬುದನ್ನು ಮುಂದಕ್ಕೆ ತಂದದ್ದಕ್ಕೆ ಕಾರಣವಿದೆ. ದಾನದಲ್ಲಿ ಕೊಟ್ಟವನ ಕೈ ಮೇಲೆ, ಪಡೆದವನ ಕೈ ಕೆಳಗೆ. ದಾಸೋಹದಲ್ಲಿ ‘ನಾನು ಕೊಟ್ಟೆ’ ಎಂಬ ಭಾವಕ್ಕೇ ಎಡೆಯಿಲ್ಲ.

ಆಟದ ಸಾಮಾನಿನ ವಿಷಯದಲ್ಲಿ ಇಂಥ ಒಂದು ಪದ್ಧತಿ ನಮ್ಮ ಊರುಗಳಲ್ಲಿಯೇ ಇತ್ತು, ಅಲ್ಲಲ್ಲಿ ಈಗಲೂ ಇದೆ. ಅದು ಗರಡಿ ಮನೆ. ಕುಸ್ತಿಗೆ ಹೆಸರಾದ ದಾವಣಗೆರೆಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗರಡಿಯಲ್ಲಿ ಗದೆ, ಕಲ್ಲುಗುಂಡು, ಮಲ್ಲಕಂಬ, ಕಾಲಕಾಲಕ್ಕೆ ಹದಮಾಡುವ ಕೆಮ್ಮಣ್ಣು ಎಲ್ಲವೂ ಇರುತ್ತವೆ. ಯಾವುದೂ ಯಾರದೂ ಅಲ್ಲ. ಸಾಹುಕಾರನ ಮಗನೂ ಹಮಾಲನ ಮಗನೂ ಅದೇ ಗದೆಯನ್ನು ತಿರುಗಿಸಬೇಕು, ಅದೇ ಮಣ್ಣಿನಲ್ಲಿ ಹೊರಳಬೇಕು. ಯಾರೋ ಒಬ್ಬರು ಎಂದೋ ಮಾಡಿಸಿಕೊಟ್ಟ ಗದೆ ಅದು. ಕೊಟ್ಟವರ ಹೆಸರು ಮರೆತುಹೋಗಿದೆ, ಗದೆ ತಿರುಗುತ್ತಿದೆ. ಸಾಮಾನನ್ನು ಜೋಪಾನ ಮಾಡುವುದು ಉಸ್ತಾದನ ಹೊಣೆ. ಆಟ ಮುಗಿದ ಮೇಲೆ ಇದ್ದ ಜಾಗದಲ್ಲಿ ಇಡುವುದು ಆಡಿದವನ ಹೊಣೆ.

ಬೇರೆ ದೇಶದವರಿಗೂ ಇದು ಹೊಳೆಯದೆ ಇಲ್ಲ. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ಲಾಸ್ ಏಂಜಲೀಸಿನ ಒಂದು ಅಂಗಡಿಯಿಂದ ಮಕ್ಕಳು ಸಣ್ಣಪುಟ್ಟ ವಸ್ತುಗಳನ್ನು ಕದಿಯುತ್ತಿದ್ದರಂತೆ. ವಿಚಾರಿಸಿದಾಗ, ಆಟಿಕೆಗಳನ್ನು ಮಾಡಿಕೊಳ್ಳಲು ಕದ್ದದ್ದೆಂದು ತಿಳಿಯಿತು. ಶಿಕ್ಷಿಸುವುದರ ಬದಲು ಅಲ್ಲಿಯ ಹಿರಿಯರು 1935ರಲ್ಲಿ ಪುಸ್ತಕ ಭಂಡಾರದಂತೆ ಆಟಿಕೆಗಳನ್ನು ಎರವಲು ಕೊಡುವ ವ್ಯವಸ್ಥೆಯನ್ನು ಆರಂಭಿಸಿದರು. ಜನ ಕೊಟ್ಟ ಹಳೆಯ ಆಟಿಕೆಗಳನ್ನು ಸರಿಪಡಿಸಿ, ಲೆಕ್ಕದ ಪುಸ್ತಕದಲ್ಲಿ ಬರೆದು ಮಕ್ಕಳಿಗೆ ಕೊಡುವುದು, ಅವರು ಆಡಿ ಹಿಂದಕ್ಕೆ ತರುವುದು. ಎರವಲಿಗೆ ತಲೆತಗ್ಗಿಸಬೇಕಾಗಿಲ್ಲ; ಎರವಲು ತಂದವನು ಹಿಂದಿರುಗಿಸಿ ಋಣವನ್ನು ತೀರಿಸುತ್ತಾನೆ.

ನಮ್ಮಲ್ಲಿ ಅದಕ್ಕೆ ಹೊಸ ಕಟ್ಟಡವೂ ಬೇಕಾಗಿಲ್ಲ. ಕರ್ನಾಟಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ‘ಅರಿವು ಕೇಂದ್ರ’ವೆಂಬ ಒಳ್ಳೆಯ ಹೆಸರನ್ನು ಈಗ ಅವುಗಳಿಗೆ ಇಟ್ಟಿದ್ದಾರೆ. 2020ರಲ್ಲಿ ಮೊದಲಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳು ಅಲ್ಲಿ ಹಣ ತೆರದೆ ಸದಸ್ಯರಾದರು, ಊರವರು ತಮ್ಮ ಪುಸ್ತಕಗಳನ್ನು ತಂದುಕೊಟ್ಟರು. ಪುಸ್ತಕವನ್ನು ಬರೆದುಕೊಂಡು ಕೊಡಬಲ್ಲ ಮೇಲ್ವಿಚಾರಕರಿಗೆ ಎರಡು ವಾಲಿಬಾಲು, ನಾಲ್ಕು ರ‍್ಯಾಕೆಟ್ಟು, ಒಂದು ಪಂಪನ್ನು ಬರೆದುಕೊಂಡು ಕೊಡುವುದು ಕಷ್ಟವಾಗದು. ಒಂದೇ ಒಂದು ಆತಂಕವಿದೆ: ಕಳೆದುಹೋದೀತೆಂಬ ಭಯದಿಂದ ಬೀಗ ಹಾಕಿ ಇಡುವ ನಮ್ಮ ಹಳೆಯ ಅಭ್ಯಾಸ. ಕಪಾಟಿನ ಗಾಜಿನೊಳಗೆ ಹೊಳೆಯುತ್ತ ಕುಳಿತ ಚೆಂಡಿಗಿಂತ ಆಡಿ ಹರಿದ ಚೆಂಡು ವಾಸಿ ಎಂದು ಕೊಡುವವರೇ ಕೊಡುವಾಗ ಹೇಳಿಬಿಡಬೇಕು. ಹರಿಯಲೆಂದೇ ಕೊಟ್ಟದ್ದು, ಹರಿದ ಲೆಕ್ಕ ಕೇಳುವುದಿಲ್ಲ ಎಂಬ ಒಂದು ಚೀಟಿಯನ್ನು ಪೆಟ್ಟಿಗೆಯೊಳಗಿಟ್ಟರೆ ಮೇಲ್ವಿಚಾರಕರ ಭಯವೂ ಇಳಿದೀತು.

ಶಾಲೆಗಳು ಬೇಸಿಗೆ ರಜೆ ಮುಗಿಸಿ ಬಾಗಿಲು ತೆರೆಯುವುದಕ್ಕೆ ಮೊದಲೇ ಈ ಕೆಲಸ ಆಗಬೇಕು. ಮಳೆ ಹಿಡಿದ ಮೇಲೆ ನಮ್ಮ ಕಡೆ ಮೈದಾನವೇ ಇರುವುದಿಲ್ಲ. ಅಟ್ಟದಿಂದ ಇಳಿಸಿದ ಬ್ಯಾಟಿನ ಮುಖಕ್ಕೆ ತೆಳುವಾಗಿ ಅಗಸೆ ಎಣ್ಣೆಯನ್ನು ಸವರಿ, ಮಲಗಿಸಿ ಒಂದು ರಾತ್ರಿ ಬಿಡಿ. ಹಿಡಿಕೆಗೆ ಮಾತ್ರ ಎಣ್ಣೆ ತಾಗಿಸಬೇಡಿ. ರ‍್ಯಾಕೆಟ್ಟಿಗೆ ಹೊಸ ತಂತಿಯನ್ನು ಕಟ್ಟಿಸಿ. ಬೂಟುಗಳನ್ನು ತೊಳೆದು, ಬಿಸಿಲಿಗಿಟ್ಟು, ಎರಡರ ದಾರಗಳನ್ನೂ ಕೂಡಿಸಿ ಗಂಟುಹಾಕಿ ಅಳತೆಯ ಅಂಕಿಯನ್ನು ಬರೆಯಿರಿ. ಚೆಂಡು ಕೊಡುವವರು ಪಂಪನ್ನೂ ಕೊಡಿ. ಸೂಜಿ ಒಂದಲ್ಲ, ನಾಲ್ಕು ಇರಲಿ.